ಹೆಸರು ಬೇರೆಯವರದು, ಜಾಯಿಂಟು ಅಸ್ರಿಜಲರದು

ಬೆಳಗಿನ ಐದೂವರೆ. ರಿಯಾವ್‌ನ ತೈಲಬಾವಿಯೊಂದರ ಪಕ್ಕದಲ್ಲಿ ಅಸ್ರಿಜಲ್ ಹಣೆಗೆ ಟವೆಲು ಬಿಗಿದು ಕೂತಿದ್ದಾರೆ. ಮುಂದೆ ಮೂರು ತಾಮ್ರದ ತಂತಿಗಳು. ಬಾವಿಯೊಳಗೆ ಇಳಿಯುವ ಪಂಪಿನ ಮೋಟಾರಿಗೆ ಮೇಲಿನ ಕರೆಂಟು ತಲುಪಬೇಕಾದರೆ ಕೇಬಲ್ಲನ್ನು ಈ ತಂತಿಗಳಿಗೆ ಕೈಯಿಂದಲೇ ಬೆಸೆಯಬೇಕು. ಬೆವರಿನ ಒಂದು ಹನಿ ಬಿದ್ದರೂ ಎರಡೂವರೆ ತಾಸಿನ ಕೆಲಸ ಹಾಳು. ಪದರದ ಮೇಲೆ ಪದರ ಟೇಪು ಸುತ್ತುತ್ತ ಅವರು ಉಸಿರನ್ನೂ ಪಕ್ಕಕ್ಕೆ ಬಿಡುತ್ತಾರೆ.

ಮುಗಿದ ಮೇಲೆ ಕಾಗದಕ್ಕೆ ಸಹಿ ಹಾಕುವವರು ರಿದ್ವಾನ್. ಅಸ್ರಿಜಲರ ಹತ್ತಿರವೇ ಕಸುಬು ಕಲಿತವರು. ತಲೆ ಎತ್ತದೆ, "ತಪ್ಪು ತಿಳ್ಕೋಬೇಡಿ ಅಣ್ಣ" ಎನ್ನುತ್ತಾರೆ.

"ಬೇಗ ಬರಿಯಪ್ಪ. ಲೊಂತೊಂಗ್ ಕಡುಬು ಆರಿ ಹೋಗ್ತಿದೆ, ತಿನ್ನೋಣ."

ಐವತ್ಮೂರರ ಅಸ್ರಿಜಲ್ ಇಪ್ಪತ್ತೆಂಟು ವರ್ಷಗಳಿಂದ ಗುತ್ತಿಗೆ ನೌಕರ. ಎರಡು ವರ್ಷದ ಹಿಂದೆ ಏಳನೇ ಬಾವಿಗೆ ಪಂಪು ಇಳಿಸಬೇಕಿತ್ತು. ಆಳ ಎರಡು ಸಾವಿರದ ನಾನೂರು ಮೀಟರು, ತಳದ ಬಿಸಿ ನೂರ ಅರವತ್ತು ಡಿಗ್ರಿ. ಬಂದ ಕೇಬಲ್ಲು ತಾಳುವುದು ನೂರ ನಲವತ್ತು.

"ಇದು ಬೆಂದುಹೋಗುತ್ತೆ ಸಾರ್" ಎಂದು ಎಂಜಿನಿಯರ್ ಪ್ರಸೆತ್ಯೋಗೆ ಹೇಳಿದರು.

"ನೀವು ಟೇಪು ಸುತ್ತಿ ಸಾಕು. ಓದಿದೋರು ನಾವಿದ್ದೀವಲ್ಲ."

ಇಪ್ಪತ್ಮೂರನೇ ದಿನ ಪಂಪು ನಿಂತಿತು. ಮೇಲೆತ್ತಿದಾಗ ಅಸ್ರಿಜಲ್ ತಮ್ಮ ಜಾಯಿಂಟನ್ನು ಎಲ್ಲರೆದುರು ಕೊಯ್ದು ತೋರಿಸಿದರು. ಒಳಗಿನ ತಾಮ್ರ ಹೊಸದರಂತಿತ್ತು. ಅದಕ್ಕಿಂತ ಎರಡು ಮಾರು ಮೇಲೆ ಕೇಬಲ್ಲಿನ ರಬ್ಬರು ಸುಟ್ಟ ಹಪ್ಪಳದಂತೆ ಪುಡಿಯಾಗುತ್ತಿತ್ತು. ವರದಿಯಲ್ಲಿ ಬಂದದ್ದು ಮಾತ್ರ "ಜಾಯಿಂಟಿನ ದೋಷ". ಜಾಯಿಂಟು ಹಾಕಿ ಸಹಿ ಮಾಡುವ ಅವರ ಪರವಾನಗಿ ಕಾರ್ಡು ಕಿತ್ತುಕೊಂಡು, ಹಳೇ ಪಂಪುಗಳ ಜಿಡ್ಡು ತೊಳೆಯುವ ಕೆಲಸಕ್ಕೆ ಹಾಕಿದರು. ರಿದ್ವಾನ್ ಅಲ್ಲೇ ನಿಂತು ಎಲ್ಲ ನೋಡುತ್ತಿದ್ದರು.

ಆದರೂ ಬಿಸಿ ಬಾವಿ ಎಂದರೆ ಕರೆ ಬರುವುದು ಇವರಿಗೇ. ಅಂದಿನಿಂದ ನಲವತ್ತೊಂದು ಜಾಯಿಂಟು ಹಾಕಿದ್ದಾರೆ. ಒಂದೂ ಕೈಕೊಟ್ಟಿಲ್ಲ, ಒಂದರಲ್ಲೂ ಅವರ ಹೆಸರಿಲ್ಲ.

"ಆಗಲ್ಲ ಅಂದುಬಿಡಿ ಅಂತ ನೂರು ಸಲ ಹೇಳಿದೀನಿ" ಎನ್ನುತ್ತಾರೆ ಹೆಂಡತಿ ಯುಸ್ನಿಯಾರ್. "ಬೈಸ್ಕೊಳ್ಳೋಕೂ ಇವರೇ, ಬಗ್ಗೋಕೂ ಇವರೇ."

"ಕೈ ಸುಮ್ನಿರಲ್ಲ ಕಣೇ."

ಏಳನೇ ಬಾವಿಗೂ ಮತ್ತೆ ಅವರೇ ಹೋದರು. ಈ ಸಲ ಸರಿಯಾದ ಕೇಬಲ್ಲು ಬಂದಿತ್ತು. ಪಂಪು ಹದಿನೈದು ತಿಂಗಳಿಂದ ನಿಲ್ಲದೆ ಓಡುತ್ತಿದೆ. ಆ ಸಾಧನೆಗೆಂದು ಪ್ರಸೆತ್ಯೋ ಬಡ್ತಿ ಪಡೆದು ಜಕಾರ್ತಾ ಸೇರಿದರು.

ಕೋಪ ಬರುವುದಿಲ್ಲವೇ ಎಂದರೆ ಅಸ್ರಿಜಲ್ ಉಗುರಿನ ಸಂದಿಯ ಜಿಡ್ಡು ಕೆರೆಯುತ್ತಾರೆ.

"ಬರುತ್ತೆ. ಬಂದು ಎಲ್ಲಿಗೆ ಹೋಗುತ್ತೆ? ಏಳನೇ ಬಾವೀಲಿರೋ ಆ ಜಾಯಿಂಟು ಯಾರ ಕಣ್ಣಿಗೂ ಬೀಳೋದು ಬೇಡ. ಮೇಲೆ ಬಂತು ಅಂದ್ರೆ ಏನೋ ಕೆಟ್ಟಿದೆ ಅಂತ. ಅಲ್ಲೇ ಇರ್ಲಿ, ಆ ಬಿಸೀಲಿ."