ಕಮಲಿಯ ಕಬ್ಬಿಣದ ಬೂಟು

ಏಟು ಒಂದೋ ಎರಡೋ, ನನಗೆ ಖಚಿತವಿಲ್ಲ. ಅಂಗಳದಲ್ಲಿ ಬಿಸಿಲಿತ್ತೆಂದು ನೆನಪು — ಅದೂ ತಪ್ಪಿರಬಹುದು. ಆದರೆ ಶಾಂತಾಳ ತಲೆ ಒಡೆದವಳು ನಾನು. ಅದಕ್ಕಾಗಿ ಹೊಡೆತ ತಿಂದವಳು ನನ್ನ ತಂಗಿ ಕಮಲಿ. ಇಷ್ಟರಲ್ಲಿ ತಪ್ಪಿಲ್ಲ.

ನಾವು ಧಾರವಾಡದ ಕಡೆಯವರು. ಅಪ್ಪ ಪುಣೆಯಲ್ಲಿ ಗುಮಾಸ್ತರು. ಸದಾಶಿವ ಪೇಠದಲ್ಲಿ, ಅಂಗಳದ ಸುತ್ತ ಹಲವು ಬಾಡಿಗೆ ಸಂಸಾರಗಳಿದ್ದ ವಾಡೆಯೊಂದರಲ್ಲಿ ಎರಡು ಕೋಣೆ ಹಿಡಿದಿದ್ದೆವು. ಕಮಲಿಯ ಎಡಪಾದ ಹುಟ್ಟಿನಿಂದಲೇ ಒಳಕ್ಕೆ ತಿರುಚಿಕೊಂಡಿತ್ತು. ವಾರಕ್ಕೊಮ್ಮೆ ಡಾಕ್ಟರು ಅದನ್ನು ಬಲವಾಗಿ ಹೊರಕ್ಕೆ ತಿರುವಿ ಪಟ್ಟಿ ಕಟ್ಟುತ್ತಿದ್ದರು. ಅಪ್ಪ ಮೊಣಕಾಲು ಒತ್ತಿ ಹಿಡಿದರೆ ನಾನು ಅವಳ ಬಾಯಿ ಮುಚ್ಚುತ್ತಿದ್ದೆ. ಅವಳು ನನ್ನ ಅಂಗೈ ಕಚ್ಚುತ್ತಿದ್ದಳು. ಮನೆಗೆ ಬಂದು ಬಟ್ಟೆಗೊಂಬೆಯ ಕಾಲು ತಿರುವುತ್ತ, "ಅಳಬ್ಯಾಡವಾ, ಆತು, ಆತು" ಎನ್ನುತ್ತಿದ್ದಳು. ಆರನೆಯ ವರ್ಷಕ್ಕೆ ಕಬ್ಬಿಣದ ಪಟ್ಟಿಯ ಬೂಟು ಬಂತು. ಎರಡು ವರ್ಷ ತೊಟ್ಟರೆ ಕಾಲು ನೆಟ್ಟಗಾಗುತ್ತದೆ ಎಂದಿದ್ದರು.

ಅವಳು ಅದನ್ನು ಕದ್ದು ಬಿಚ್ಚುತ್ತಿದ್ದುದು ಲಂಗಡಿಗೆ ಮಾತ್ರ — ಒಂಟಿಗಾಲಲ್ಲಿ ಕುಪ್ಪಳಿಸಿ, ಓಡುವವರನ್ನು ಮುಟ್ಟುವ ಆಟ. ನಮಗೆಲ್ಲ ಒಂದು ಕಾಲು ಎತ್ತಿದರೆ ತೂಕ ತಪ್ಪುತ್ತಿತ್ತು. ಅವಳಿಗೆ ತಪ್ಪುತ್ತಿರಲಿಲ್ಲ. ಅಂದು ನನ್ನನ್ನೂ ಮುಟ್ಟಿದಳು.

ಆಟ ಮುಗಿದು ಮಕ್ಕಳು ಚದುರಿದ್ದರು. ಕಮಲಿ ಮೆಟ್ಟಿಲ ಮೇಲೆ. ತೊಡಿಸಲೆಂದು ಎತ್ತಿಕೊಂಡ ಬೂಟು ನನ್ನ ಕೈಯಲ್ಲಿ. ವಾಡೆಯ ಮಾಲಕರ ಮಗಳು ಶಾಂತಾ ನಕ್ಕಳು: "ಅಗಂ, ಲಂಗಡ್ಯಾ ಬಹಿಣೀಕಡೂನ ಹರಲೀಸ!" ಕುಂಟ ತಂಗಿಗೆ ಸೋತೆಯಲ್ಲೇ ಎಂದು. ಹೇಳಿ ಬೆನ್ನು ತಿರುಗಿಸಿದಳು.

ಹೊಡೆದೆ. ತಂಗಿಯ ಪರವಾಗಿ ಹೊಡೆದೆ ಎಂದು ಡೈರಿಯಲ್ಲಿ ಎರಡು ಸಲ ಬರೆದು ಗೀಚಿ ಹಾಕಿದ್ದೇನೆ. ಹಾಗಲ್ಲ. ಸೋತದ್ದಕ್ಕೆ ಹೊಡೆದೆ. ಶಾಂತಾ ಕಲ್ಲಿನ ಮೇಲೆ ಬೋರಲಾಗಿ ಬಿದ್ದಳು, ಕೂದಲ ನಡುವಿಂದ ರಕ್ತ ಬಂತು. ನಾನು ಬೂಟನ್ನು ಕಮಲಿಯ ಮಡಿಲಲ್ಲಿಟ್ಟೆ.

"ಯಾರು ಹೊಡದ್ರು?" ಅಪ್ಪ ಓಡಿ ಬಂದರು.

"ಕಮಲಿ, ಅಪ್ಪಾ. ಬೂಟಿಲೆ."

"ಕಾಲು ನೆಟ್ಟಗಾಗ್ಲಿ ಅಂತ ಮಾಡಿಸಿದ್ದು, ಮಂದಿ ತಲಿ ಒಡೀಲಿಕ್ಕಲ್ಲ!" ಬೂಟಿನದೇ ಚರ್ಮದ ಪಟ್ಟಿಯಿಂದ ಬಾರಿಸಿದರು — ಬೆನ್ನಿಗೆ, ತೊಡೆಗೆ, ಆ ಪಾದಕ್ಕೂ. ಅವಳು ನನ್ನ ಕಡೆ ನೋಡಿದಳು.

ಶಾಂತಾ ಉಳಿದಳು. ಆ ಬೂಟು ವಾಡೆಯಲ್ಲಿ ಇರಕೂಡದೆಂದು ಮಾಲಕರು ಹಟ ಹಿಡಿದರು. ಅಪ್ಪ ಅದನ್ನು ಮುಠಾ ಹೊಳೆಗೆ ಎಸೆದು ಬಂದರು, ಇನ್ನೊಂದು ಮಾಡಿಸಲಿಲ್ಲ. ವರ್ಷದ ಮೇಲೆ ಅವ್ವ ಅತ್ತೂ ಕರೆದೂ ಕಮಲಿಯನ್ನು ಮತ್ತೆ ಡಾಕ್ಟರ ಬಳಿ ಒಯ್ದಾಗ ಎಲುಬು ತಿರುಚಿದ ಹಾಗೆಯೇ ಗಟ್ಟಿಯಾಗಿತ್ತು.

ಅಂದಿನಿಂದ ಅವಳನ್ನು ಯಾರೂ ಕುಂಟಿ ಎನ್ನಲಿಲ್ಲ. ಅವಳೂ "ಬೂಟಿಲೆ ಬಡೀತೀನಿ ನೋಡು" ಎಂದು ಗದರಿಸುತ್ತಿದ್ದಳು — ಇಲ್ಲದ ಬೂಟಿನಿಂದ. ನನ್ನ ಸುಳ್ಳಿನಿಂದ ಅವಳಿಗೆ ಒಳಿತಾಯಿತು ಎಂದುಕೊಂಡು ಬಿ.ಎ. ಮುಗಿಸಿದೆ. ಆದರೆ ಅವಳು ಮೆಟ್ಟಿಲು ಹತ್ತುವ ಸದ್ದು — ಒಂದು ಹೆಜ್ಜೆ, ಒಂದು ಎಳೆತ —

ಕಳೆದ ವಾರ ಅಡುಗೆಮನೆಯಲ್ಲಿ ಕೇಳಿಯೇಬಿಟ್ಟೆ. ಅವಳು ರೊಟ್ಟಿ ಬಡಿಯುತ್ತಿದ್ದಳು. ಕೈ ನಿಂತಿತು, ಮತ್ತೆ ಬಡಿಯತೊಡಗಿತು.

"ಕಮಲೀ, ಹೊಡದಾಕಿ ಅಕ್ಕ ಅಂತ ಅವತ್ತ ಯಾಕ ಹೇಳಲಿಲ್ಲ?"