ಅರವತ್ತೇಳನೇ ಕಲಂ ಹೇಳಿಕೊಟ್ಟ ಅಕ್ಕೋರು

ಅಕ್ಕೋರ ಬಲಗೈ ಹೆಬ್ಬೆರಳಿನ ಉಗುರಿನಡಿ ಯಾವಾಗಲೂ ಒಂದು ನೀಲಿ ಗೆರೆ ಇರುತ್ತಿತ್ತು. ಕಾರ್ಬನ್ ಕಾಗದದ ಬಣ್ಣ. ಎಷ್ಟು ತಿಕ್ಕಿ ತೊಳೆದರೂ ಹೋಗುತ್ತಿರಲಿಲ್ಲ. ಹಬ್ಬಕ್ಕೆಂದು ಕೈತುಂಬ ಹೊಸ ಬಳೆ ತೊಟ್ಟು ಬಂದ ದಿನವೂ ಅದು ಕಾಣುತ್ತಿತ್ತು. ನಮ್ಮ ಹಾಳೆಯಲ್ಲಿ ತಪ್ಪಿದ ಜಾಗವನ್ನು ಅವರು ಆ ಬೆರಳಿನಿಂದಲೇ ಒತ್ತಿ ತೋರಿಸುತ್ತಿದ್ದರು. ತಪ್ಪು ಹೆಚ್ಚಾದರೆ "ಮತ್ತೊಮ್ಮೆ" ಎನ್ನುವರು. ತಪ್ಪಿಲ್ಲದಿದ್ದರೆ ಏನೂ ಅನ್ನದೆ ಮುಂದಿನ ಯಂತ್ರದ ಕಡೆ ನಡೆಯುವರು. ಆ ಮೌನಕ್ಕಾಗಿ ನಾವೆಲ್ಲ ಹಾತೊರೆಯುತ್ತಿದ್ದೆವು.

ಕಲಿಸುವ ಹೆಂಗಸರಿಗೆ ನಮ್ಮ ಕಡೆ ಅಕ್ಕೋರು ಎನ್ನುತ್ತೇವೆ. ಇವರು ಕಲಿಸುತ್ತಿದ್ದದ್ದು ಟೈಪಿಂಗ್. ಕಲಬುರಗಿಯ ಸೂಪರ್ ಮಾರ್ಕೆಟ್ ಹಿಂದಿನ ಒಂದು ಓಣಿಯಲ್ಲಿ, ದರ್ಜಿ ಚಾಚಾನ ಅಂಗಡಿಯ ಮೇಲೆ ಅವರ ಶಾಲೆ. ಎಂಬತ್ತರ ದಶಕದ ಕೊನೆಗೆ ನಾಲ್ಕು ಹಳೆಯ ಯಂತ್ರಗಳಿಂದ ಶುರು ಮಾಡಿದ್ದರಂತೆ. ನಾನು ಕಮಲಾಪುರದಿಂದ ದಿನಾ ಬಸ್ಸಿನಲ್ಲಿ ಬಂದು ಕಲಿಯತೊಡಗಿದಾಗ ಹನ್ನೆರಡು ಯಂತ್ರಗಳಿದ್ದವು. ಮೂಲೆಯಲ್ಲಿ ಬಟ್ಟೆ ಹೊದಿಸಿದ ಎರಡು ಕಂಪ್ಯೂಟರ್ ಕೂಡ. ಮದುವೆಯಾಗಿರಲಿಲ್ಲ ಅವರು. ಐವಾನ್-ಎ-ಶಾಹಿ ಕಡೆ ಅಣ್ಣನ ಮನೆಯಲ್ಲಿದ್ದರು. ಮನೆಮಾತು ಮರಾಠಿ. ವಾಚು ಹಿಡಿದು ನಮ್ಮ ವೇಗ ಎಣಿಸುವಾಗ ಮಾತ್ರ ಆ ಮಾತು ತುಟಿಗೆ ಬರುತ್ತಿತ್ತು. ಮಧ್ಯಾಹ್ನ ನಾವೆಲ್ಲ ಡಬ್ಬಿ ಬಿಚ್ಚಿ ಹರಟುತ್ತ ಉಣ್ಣುವಾಗ ಅವರು ಕಿಟಕಿಯ ಕಡೆ ಮುಖ ಮಾಡಿ, ನಿಂತೇ ಎರಡು ಚಪಾತಿ ತಿಂದು ಮುಗಿಸುತ್ತಿದ್ದರು. ಬನ್ನಿ ಎಂದು ಕರೆಯುವ ಧೈರ್ಯ ನಮಗ್ಯಾರಿಗೂ ಆಗಲಿಲ್ಲ. ಕರೆದಿದ್ದರೆ ಬರುತ್ತಿದ್ದರೇನೋ ಎಂದು ಈಗ ಅನಿಸುತ್ತದೆ.

ಎರಡು ಸಾವಿರದ ಇಸವಿ ದಾಟಿ ಒಂದೆರಡು ವರ್ಷವಾಗಿತ್ತು. ಒಂದು ಮಧ್ಯಾಹ್ನ ನಾನೊಬ್ಬಳೇ ಟೈಪಿಂಗಿನ ಸೀನಿಯರ್ ಪರೀಕ್ಷೆಯ ಅಭ್ಯಾಸ ಮಾಡುತ್ತಿದ್ದೆ. ಹಿಂದೆ ಅವರಲ್ಲಿ ಕಲಿತಿದ್ದ ಒಬ್ಬ ಹುಡುಗ ಬಂದ. ಆರು ತಿಂಗಳು ಟೈಪಿಂಗ್ ಮುಗಿಸಿ, ಕಂಪ್ಯೂಟರ್ ಎರಡು ತಿಂಗಳು ಕಲಿತು ಬಿಟ್ಟು ಹೋದವನು. ನೌಕರಿಯ ಅರ್ಜಿಗೆ ಆರು ತಿಂಗಳ ಕಂಪ್ಯೂಟರ್ ಸರ್ಟಿಫಿಕೇಟ್ ಬೇಕಾಗಿತ್ತು ಅವನಿಗೆ.

"ಎರಡು ತಿಂಗಳ ಕಲ್ತೀದಿ. ಎರಡು ತಿಂಗಳ ಅಂತ ಬರದು ಕೊಡ್ತೀನಿ," ಎಂದರು ಅಕ್ಕೋರು.

"ಯಾರು ನೋಡ್ತಾರ್ರೀ ಅಕ್ಕೋರೆ? ಒಂದು ಸಹಿ ಅಷ್ಟ."

"ನಾ ನೋಡ್ತೀನಲ್ಲ."

ಅವನು ಮೊದಲು ಅಂಗಲಾಚಿದ, ಆಮೇಲೆ ದನಿ ಏರಿಸಿದ. ಕೊನೆಗೆ ಬಾಗಿಲಲ್ಲಿ ನಿಂತು, "ನಿಮ್ಮ ಹೆಸರು ಊರಿಗೆಲ್ಲಾ ಗೊತ್ತಾಗೂಹಂಗ ಮಾಡ್ತೀನಿ, ನೋಡಕೋತ ಇರ್ರಿ," ಎಂದು ಹೇಳಿ ಮೆಟ್ಟಿಲಿಳಿದು ಹೋದ. ಅಕ್ಕೋರು ನನ್ನ ಕಡೆ ತಿರುಗಿ, "ನೀ ಯಾಕ ನಿಂದರಿಸಿದಿ? ಹೊಡಿ," ಎಂದರು. ನಾನು ಮತ್ತೆ ಟೈಪ್ ಮಾಡತೊಡಗಿದೆ.

ಹದಿನೈದು ದಿನದ ಮೇಲೆ ಫೋನು ಶುರುವಾಯಿತು. ಮೊದಲ ಫೋನು ಎತ್ತಿದವಳು ನಾನೇ. ಒಬ್ಬ ಗಂಡಸು ಅಕ್ಕೋರ ಹೆಸರು ಹೇಳಿ ಎಂಥದೋ ಕೇಳಿದ. ಕೇಳಿದ್ದು ನನಗೆ ಅರ್ಥವಾಗಲು ಒಂದು ಗಳಿಗೆ ಬೇಕಾಯಿತು. ಅರ್ಥವಾದೊಡನೆ ರಿಸೀವರ್ ಕುಕ್ಕಿ ಇಟ್ಟೆ. ಆ ದಿನ ಮತ್ತೆ ಏಳೆಂಟು ಸಲ ಗಂಟೆ ಬಾರಿಸಿತು. ಮರುದಿನ ಇನ್ನೂ ಹೆಚ್ಚು. ನಾಲ್ಕನೆಯ ದಿನಕ್ಕೆ ಕೆಳಗಿನಿಂದ ದರ್ಜಿ ಚಾಚಾ ಮೇಲೆ ಬಂದ. "ಅಮ್ಮಾ, ನೀವು ಕಲಸ್ರಿ. ಫೋನ್ ನಾ ನೋಡ್ಕೋತೀನಿ," ಎಂದು ಫೋನಿನ ಪಕ್ಕ ಸ್ಟೂಲ್ ಹಾಕಿಕೊಂಡು ಕೂತ. ಅಂಗಿಗೆ ಗುಂಡಿ ಹಚ್ಚುತ್ತಲೇ ಒಂದೊಂದು ಕರೆಗೂ, "ತುಮಾರೆ ಘರ್ ಮೆ ಮಾ-ಭೈನಾ ನೈ ಕ್ಯಾ ರೇ?" ಎಂದು ಮನೆಯ ತಾಯಿ-ತಂಗಿಯರ ನೆನಪು ಮಾಡಿಕೊಟ್ಟು ಗದರಿಸಿ ಇಡುತ್ತಿದ್ದ.

ಕರೆ ಮಾಡಿದವರಲ್ಲಿ ಒಬ್ಬ, ಚಾಚಾನ ಬೈಗುಳಕ್ಕೆ ಹೆದರಿ, ನಂಬರ್ ಸಿಕ್ಕಿದ್ದು ಎಲ್ಲಿ ಎಂದು ಬಾಯಿಬಿಟ್ಟ. ಗೆಳೆತನ ಬಯಸುವವರು ಹೆಸರು ಹಾಕುವ ಒಂದು ವೆಬ್‌ಸೈಟು. ಅಕ್ಕೋರು ನನ್ನನ್ನು ಕರೆದುಕೊಂಡು ಇಂಟರ್‌ನೆಟ್ ಅಂಗಡಿಗೆ ಹೋದರು. ಪರದೆಯ ಮೇಲೆ ಅವರ ಹೆಸರು, ಶಾಲೆಯ ಫೋನ್ ನಂಬರು, ಕೆಳಗೆ ಅವರೇ ಬರೆದಂತೆ ಹತ್ತು ಹನ್ನೆರಡು ಸಾಲು. ನಾನು ಮೂರನೆಯ ಸಾಲಿಗೆ ಕಣ್ಣು ತೆಗೆದೆ. ಅವರು ಕೊನೆಯವರೆಗೆ ಓದಿ, ಎರಡು ಪ್ರತಿ ತೆಗೆಸಿಕೊಂಡರು.

ಶಾಲೆಗೆ ಬಂದು ಕೂತವರು ಒಂದು ಪ್ರತಿಯನ್ನು ಮೇಜಿನ ಮೇಲೆ ಹರಡಿ, ಕೆಂಪು ಪೆನ್ಸಿಲ್ ತೆಗೆದರು. ನಮ್ಮ ಹಾಳೆ ತಿದ್ದುವಂತೆ ಅಲ್ಲಲ್ಲಿ ಸುತ್ತು ಹಾಕತೊಡಗಿದರು. ನನಗೆ ಅವರ ತಲೆ ಕೆಟ್ಟಿತೇನೋ ಎಂದು ಭಯವಾಯಿತು.

"ಇಲ್ಲಿ ನೋಡು. ಪ್ರತಿ ಕಾಮಾ ಹಾಕೂಕಿಂತ ಮೊದಲ ಒಂದು ಜಾಗಾ ಬಿಟ್ಟಾನ. ಫೋನ್ ನಂಬರ್‌ನ್ಯಾಗ ಒಂದರ ಬದಲಿ ಸಣ್ಣ ಎಲ್ ಹೊಡದಾನ."

ಹಳೆಯ ಯಂತ್ರಗಳಲ್ಲಿ ಒಂದು ಎಂಬ ಅಂಕಿಯ ಕೀಲಿ ಇರುತ್ತಿರಲಿಲ್ಲ. ಇಂಗ್ಲಿಷಿನ ಸಣ್ಣ ಎಲ್ ಹೊಡೆದು ಸುಧಾರಿಸಿಕೊಳ್ಳುತ್ತಿದ್ದೆವು. ಕಂಪ್ಯೂಟರಿಗೆ ಬಂದ ಮೊದಲ ವಾರವೇ ಅಕ್ಕೋರು ಆ ರೂಢಿ ಬಿಡಿಸುತ್ತಿದ್ದರು. ಒಬ್ಬ ಮಾತ್ರ ಬಿಟ್ಟಿರಲಿಲ್ಲ.

"ಈ ಕೈ ನಂಗ ಗೊತ್ತದ," ಎಂದರು. "ಆರು ತಿಂಗಳ ತಿದ್ದೀನಿ." ಆಗ ಮಾತ್ರ ಅವರ ದನಿ ಒಡೆಯಿತು. ಅವರ ಕಣ್ಣು ತುಂಬಿದ್ದು ಅಲ್ಲಿ ಬರೆದ ಹೊಲಸಿಗಲ್ಲ, ಬರೆದವನಿಗೆ ಕೀಲಿಯ ಮೇಲೆ ಬೆರಳಿಡುವುದನ್ನು ತಾವೇ ಕಲಿಸಿದ್ದಕ್ಕೆ ಎಂದು ನನಗೆ ತಿಳಿಯಲು ಬಹಳ ವರ್ಷ ಬೇಕಾದವು.

ಠಾಣೆಯ ಇನ್‌ಸ್ಪೆಕ್ಟರ್ ಕೆಟ್ಟವರೇನಲ್ಲ. ಕುರ್ಚಿ ಕೊಟ್ಟು ಕೂಡಿಸಿ, ಹಾಳೆಯನ್ನು ಓದಲಾರದೆ ಮಗುಚಿಟ್ಟು, "ಇದಕ್ಕ ಯಾವ ಕಲಂ ಹಾಕೂದು ಅಂತ ಖರೇನ ಗೊತ್ತಿಲ್ರೀ. ನಂಬರ್ ಬದಲಿ ಮಾಡಿಬಿಡ್ರಿ, ತಾನ ನಿಂದರತದ," ಎಂದರು.

"ನಂಬರ್ ನಂದದ. ನಾ ಯಾಕ ಬದಲಿ ಮಾಡಲಿ?" ಎಂದರು ಅಕ್ಕೋರು.

ಅಲ್ಲಿಂದ ನೇರ ಕೋರ್ಟಿನ ಹತ್ತಿರದ ಕಾನೂನು ಪುಸ್ತಕದ ಅಂಗಡಿಗೆ ಹೋಗಿ, ಮಾಹಿತಿ ತಂತ್ರಜ್ಞಾನ ಕಾಯ್ದೆಯ ತೆಳ್ಳನೆಯ ಇಂಗ್ಲಿಷ್ ಪುಸ್ತಕ ತಂದರು. ಕಾಯ್ದೆ ಬಂದು ಇನ್ನೂ ಹೆಚ್ಚು ದಿನವಾಗಿರಲಿಲ್ಲ. ನಾಲ್ಕು ದಿನ ನಿಘಂಟು ಮಗ್ಗುಲಲ್ಲಿಟ್ಟುಕೊಂಡು ಓದಿದರು. ಬೇಕಾದ ಕಲಮುಗಳನ್ನು ತಿಳಿಗನ್ನಡದಲ್ಲಿ ಟೈಪ್ ಮಾಡಿದರು. ಮತ್ತೊಬ್ಬರ ಕಂಪ್ಯೂಟರಿಗೆ ಕೈಹಾಕಿ ಹಾಳು ಮಾಡಿದರೆ ಅರವತ್ತಾರು, ಮೂರು ವರ್ಷದವರೆಗೆ ಸಜೆ. ಅಶ್ಲೀಲವಾದದ್ದನ್ನು ಕಂಪ್ಯೂಟರಿನ ಮೂಲಕ ಪ್ರಕಟಿಸಿದರೆ ಅರವತ್ತೇಳು, ಮೊದಲ ಸಲಕ್ಕೆ ಐದು ವರ್ಷದವರೆಗೆ ಸಜೆ, ಒಂದು ಲಕ್ಷದವರೆಗೆ ದಂಡ. ತನಿಖೆ ಮಾಡುವ ಅಧಿಕಾರ ಡಿವೈಎಸ್ಪಿ ದರ್ಜೆಗಿಂತ ಕೆಳಗಿನವರಿಗಿಲ್ಲ. ಆ ಕೊನೆಯ ಸಾಲಿಗೆ ಅಡಿಗೆರೆ ಎಳೆದು, ಹಾಳೆ ಹಿಡಿದು ಡಿವೈಎಸ್ಪಿಯವರ ಕಚೇರಿಗೆ ಹೋದರು. ಸಾಹೇಬರು ಎರಡೆರಡು ಸಲ ಓದಿ, "ಈ ಹಾಳಿ ನನ್ನ ಹಂತ್ಯಾಕ ಇರಲಿ ಅಕ್ಕೋರೆ," ಎಂದು ಇಟ್ಟುಕೊಂಡು ದೂರು ಬರೆಸಿಕೊಂಡರು.

ವೆಬ್‌ಸೈಟಿನವರಿಂದ ಮಾಹಿತಿ ಬರಲು ತಿಂಗಳುಗಳೇ ಹಿಡಿದವು. ಹೆಸರು ಹಾಕಿದ್ದು ಕಲಬುರಗಿಯದೇ ಒಂದು ಇಂಟರ್‌ನೆಟ್ ಅಂಗಡಿಯ ಕಂಪ್ಯೂಟರಿನಿಂದ ಎಂದು ಗೊತ್ತಾಯಿತು. ಅಂಗಡಿಯ ರಿಜಿಸ್ಟರಿನಲ್ಲಿ ಆ ಹೊತ್ತಿಗೆ ಬರೆದ ಹೆಸರು ಬೇರೆ, ಅಕ್ಷರ ಅವನದೇ. ಅವನ ಮೇಲೆ ಕೇಸು ಕೋರ್ಟಿಗೆ ಹೋಯಿತು.

ಅಷ್ಟರಲ್ಲಿ ಸುದ್ದಿ ಓಣಿಯೆಲ್ಲ ಹರಡಿತ್ತು. ಒಬ್ಬೊಬ್ಬರಾಗಿ ಹುಡುಗಿಯರನ್ನು ಮನೆಯವರು ಬಿಡಿಸಿಕೊಂಡು ಹೋದರು. ಅಕ್ಕೋರ ಅಣ್ಣ, ಕೇಸು ಹಿಂದೆ ತಗೋ, ನನ್ನ ಮಕ್ಕಳ ಮದುವೆ ಆಗಬೇಕು ಎಂದನಂತೆ. ಅಕ್ಕೋರು ಜಗಳವಾಡಲಿಲ್ಲ. ಒಂದು ಟ್ರಂಕು, ಒಂದು ಹಾಸಿಗೆ ರಿಕ್ಷಾದಲ್ಲಿ ಹಾಕಿಕೊಂಡು ಊರಂಚಿನ ಕೋಟನೂರಿನಲ್ಲಿ ಒಂದು ಬಾಡಿಗೆ ಕೋಣೆ ಹಿಡಿದರು. ಮೊದಲ ಸಲ ಅಲ್ಲಿಗೆ ಹೋದಾಗ ನಾನು ಗಮನಿಸಿದ್ದು, ಗೋಡೆಗೆ ಮೊಳೆ ಇದ್ದರೂ ಅವರು ಏನನ್ನೂ ನೇತುಹಾಕಿರಲಿಲ್ಲ. ಚಹಾ ಮಾಡಿದರು. ಒಂದೇ ಕಪ್ಪಿತ್ತು. ನನಗೆ ಕಪ್ಪಿನಲ್ಲಿ ಕೊಟ್ಟು ತಾವು ಲೋಟದಲ್ಲಿ ಕುಡಿದರು.

ಅವನು ಬೆದರಿಸಿದ್ದನ್ನು ಕೇಳಿದ್ದವಳು ನಾನೊಬ್ಬಳೇ. ಹಾಗಾಗಿ ಸಾಕ್ಷಿಗೆ ಸಮನ್ಸ್ ಕಮಲಾಪುರದ ಮನೆಗೆ ಬಂತು. ಆಗ ನನಗೊಂದು ಮದುವೆ ಸಂಬಂಧ ಕೂಡಿಬರುತ್ತಿತ್ತು. ಅಪ್ಪ ಸಮನ್ಸ್ ಮಡಚಿ ಜೇಬಿಗಿಟ್ಟುಕೊಂಡು, "ಜ್ವರ ಬಂದಾವ ಅಂತ ಹೇಳಿ ಕಳಸ್ತೀನಿ," ಎಂದ. ನಾನು ಮನೆಯಲ್ಲೇ ಉಳಿದೆ. ಆ ದಿನ ಕೋರ್ಟಿನಲ್ಲಿ ಅಕ್ಕೋರು ಬೆಳಗಿನಿಂದ ಸಂಜೆಯವರೆಗೆ ಬೆಂಚಿನ ಮೇಲೆ ಒಬ್ಬರೇ ಕೂತಿದ್ದರೆಂದು ಚಾಚಾ ಆಮೇಲೆ ಹೇಳಿದ.

ಒಂದು ವಾರ ಬಿಟ್ಟು ಅವರು ನಮ್ಮ ಮನೆಯ ಅಂಗಳದಲ್ಲಿ ನಿಂತಿದ್ದರು. ಅಪ್ಪನಿಗೆ ಮುಖವೇ ಇಲ್ಲದಂತಾಯಿತು. ಅಕ್ಕೋರು ಚೀಲದಿಂದ ಒಂದು ಲಕೋಟೆ ತೆಗೆದು, "ಸೀನಿಯರ್ ಸರ್ಟಿಫಿಕೇಟ್ ಬಂದದ್ರೀ. ಫಸ್ಟ್ ಕ್ಲಾಸ್ ಬಂದಾಳ ನಿಮ್ಮ ಮಗಳು. ಕೊಟ್ಟು ಹೋಗೋಣಂತ ಬಂದೆ," ಎಂದರು. ಅಷ್ಟೇ. ಕೇಸಿನ ಮಾತೇ ಎತ್ತಲಿಲ್ಲ. ಅವ್ವ ಕೊಟ್ಟ ಕೆಂಪು ಬಾಳೆಹಣ್ಣು ತಿಂದು, ಎದ್ದರು.

ಬಸ್‌ಸ್ಟ್ಯಾಂಡಿನವರೆಗೆ ನಾನು ಜೊತೆಗೆ ನಡೆದೆ. ಬಸ್ಸು ಬರುವಷ್ಟರಲ್ಲಿ ತಡೆಯಲಾಗಲಿಲ್ಲ. "ನಂಗ ಜ್ವರ ಬಂದಿರಲಿಲ್ರೀ ಅಕ್ಕೋರೆ," ಎಂದೆ.

"ಗೊತ್ತದ."

"ಮುಂದಿನ ತಾರೀಖು ಯಾವಾಗದರೀ?"

"ಈಗ ಕೇಳಬ್ಯಾಡ. ಅಳೂದು ನಿಂತ ಮ್ಯಾಲ ಕೇಳು. ನಿನಗ ಬ್ಯಾಡ ಅನ್ನಿಸಿದ್ರ ಬ್ಯಾಡ. ನನಗೇನು ಸಿಟ್ಟಿಲ್ಲ." ಬಸ್ಸು ಹತ್ತಿ ಕಿಟಕಿಯ ಪಕ್ಕ ಕೂತರು. ಬಸ್ಸು ಹೊರಟಾಗ ಕೈ ಬೀಸಲಿಲ್ಲ. ಅದು ಅವರ ಅಭ್ಯಾಸದಲ್ಲೇ ಇರಲಿಲ್ಲ.

ಮೂರನೆಯ ದಿನ ಅಪ್ಪ ಉಣ್ಣುತ್ತ ಕೂತವನು, "ತಾರೀಖು ಕೇಳಿ ತಗೊಂಡು ಬಾ. ನಾನೂ ಬರ್ತೀನಿ," ಎಂದ. ಹೋದೆವು. ನಾನು ಕಂಡದ್ದು, ಕೇಳಿದ್ದು ಹೇಳಿದೆ. ಆ ಸಂಬಂಧ ಅಲ್ಲಿಗೇ ಮುರಿದು ಹೋಯಿತು. ಅದರ ಬಗ್ಗೆ ಇಷ್ಟೇ ಹೇಳುತ್ತೇನೆ, ನನಗೆ ದುಃಖವಾಗಲಿಲ್ಲ.

ಅದೇ ದಿನ ಅಕ್ಕೋರ ಪಾಟೀಸವಾಲೂ ಇತ್ತು. ಅವನ ಪರವಾದ ವಕೀಲರು ಹಾಳೆಯನ್ನು ಮುಂದೆ ಚಾಚಿ, "ಇದರಾಗ ಅಶ್ಲೀಲ ಏನದ, ನೀವ ಓದಿ ಹೇಳ್ರಿ," ಎಂದರು. ಓದಲಾರರು, ಅಳುತ್ತಾರೆ ಎಂಬ ಅಂದಾಜು. ಬೇಕಾಗಿಲ್ಲ ಎಂದು ನ್ಯಾಯಾಧೀಶರು ಹೇಳುವುದರೊಳಗೆ ಅಕ್ಕೋರು ಕನ್ನಡಕ ಹಾಕಿಕೊಂಡಾಗಿತ್ತು. ಡಿಕ್ಟೇಶನ್ ಕೊಡುವ ದನಿಯಲ್ಲಿ ಓದತೊಡಗಿದರು. ಒಂದೊಂದು ಶಬ್ದ ಬಿಡಿಸಿ, ಏರಿಳಿತವಿಲ್ಲದೆ. "ಇಲ್ಲಿ ಜಾಗಾ ಬಿಟ್ಟದ. ಕಾಮಾ. ಇಲ್ಲಿ ಮತ್ತ ಜಾಗಾ. ಕಾಮಾ." ಕೋರ್ಟಿನ ಟೈಪಿಸ್ಟನ ಬೆರಳು ತಾನಾಗಿ ನಿಂತುಬಿಟ್ಟಿತು. ವಕೀಲರು ತಲೆ ತಗ್ಗಿಸಿದರು. ಕೊನೆಗೆ ಫೋನ್ ನಂಬರಿನ ಹತ್ತಿರ ಬಂದು, "ಇಲ್ಲಿ ಒಂದರ ಬದಲಿ ಎಲ್," ಎಂದು ಕಟಕಟೆಯಲ್ಲಿದ್ದ ಅವನನ್ನು ನೋಡಿದರು. "ನಿನಗ ಎಷ್ಟು ಸಲ ಹೇಳೀನಿ ಅದನ್ನ?"

ಅವನು ಅಳಲು ಶುರು ಮಾಡಿದ.

ತೀರ್ಪು ಬರಲು ಮತ್ತೊಂದು ವರ್ಷವಾಯಿತು. ಒಂದು ವರ್ಷ ಸಜೆ, ಜೊತೆಗೆ ದಂಡ. ನಾನು ಕುಣಿಯುವಷ್ಟು ಸಂತೋಷದಲ್ಲಿದ್ದೆ. ಅಕ್ಕೋರು ಶಾಲೆಗೆ ಬಂದು ಯಂತ್ರಗಳ ಮೇಲಿನ ಬಟ್ಟೆ ಒಂದೊಂದಾಗಿ ತೆಗೆದರು. ಹನ್ನೆರಡು ಯಂತ್ರಗಳಿಗೆ ಆ ದಿನ ಬಂದವರು ಇಬ್ಬರು.

"ಗೆದ್ದೆ ಅಂತ ಅನ್ನಿಸವಲ್ದು," ಎಂದರು. "ಅವನ ತಾಯಿ ಹೊರಗ ಕೂತಿದ್ದಳು. ಐದು ವರ್ಷ ತನಕ ಅಂತ ನಾನ ಟೈಪ್ ಮಾಡಿದ್ದೆ. ಒಂದು ಅಂದಾಗ ನನ್ನ ಜೀವಕ್ಕ ಸಮಾಧಾನ ಆತು. ಹಂಗ ಆಗೂದು ತಪ್ಪೇನು?" ನಾನು ಅವರು ತೆಗೆದ ಬಟ್ಟೆಗಳನ್ನು ಮಡಚಿಡತೊಡಗಿದೆ.

ಹುಡುಗಿಯರು ಮರಳಿ ಬರಲಿಲ್ಲ. ಶಾಲೆ ಮುಚ್ಚಿ, ಒಂದೇ ಕನ್ನಡ ಯಂತ್ರವನ್ನು ಕೋಟನೂರಿನ ಕೋಣೆಗೆ ಒಯ್ದರು. ಅರ್ಜಿ, ಕರಾರುಪತ್ರ ಟೈಪ್ ಮಾಡಿಕೊಟ್ಟು ಬದುಕಿದರು. ಆದರೆ ಬೇರೆ ಒಂದು ಬಗೆಯ ಜನ ಬರಲು ಶುರುವಾಯಿತು. ಹೆಂಗಸರು. ಯಾರಾದರೂ ಹೇಳಿ ಕಳಿಸಿದವರೋ, ಕೋರ್ಟಿನ ಸುದ್ದಿ ಕೇಳಿದವರೋ. ಒಬ್ಬೊಬ್ಬರೇ ಬರುತ್ತಿದ್ದರು, ಚೀಲದ ತಳದಲ್ಲಿ ನಾಲ್ಕು ಮಡಿಕೆ ಮಾಡಿದ, ತಮ್ಮ ಬಗ್ಗೆ ಯಾರೋ ಬರೆದಿದ್ದ ಒಂದು ಹಾಳೆ. ಒಮ್ಮೆ ನಾನು ಅಲ್ಲಿದ್ದಾಗ ಬಂದವಳು ಹೊಸ್ತಿಲಲ್ಲೇ ಹೆಸರು, ಊರು, ಮನೆತನ ಹೇಳತೊಡಗಿದಳು. ಅಕ್ಕೋರು ತಡೆದರು. "ಹೆಸರು ಬ್ಯಾಡ. ಮೊದಲ ಕೂಡು, ನೀರು ಕುಡಿ." ಆಮೇಲೆ ತಾವು ಟೈಪ್ ಮಾಡಿದ್ದ ಕಲಮುಗಳ ಹಾಳೆಯ ಒಂದು ಪ್ರತಿಯನ್ನು ಅವಳ ಕೈಗಿಟ್ಟು, "ಇದು ನಿನ್ನ ತಪ್ಪಲ್ಲ ತಂಗಿ. ಇದು ಅರವತ್ತೇಳನೇ ಕಲಂ," ಎಂದರು. ಆ ಹುಡುಗಿ ಅಂಕಿಯನ್ನೇ ನೋಡುತ್ತ ಕೂತಳು. ತನಗಾದದ್ದಕ್ಕೆ ಒಂದು ಸಂಖ್ಯೆ ಇದೆ ಎಂಬುದೇ ಅವಳಿಗೆ ಆಸರೆಯಾದಂತಿತ್ತು. ಎಷ್ಟು ಜನ ಬಂದರೋ, ಯಾರ ಜೊತೆ ಅವರು ಪೊಲೀಸ್ ಕಚೇರಿಯ ಮೆಟ್ಟಿಲು ಹತ್ತಿದರೋ, ನನಗೆ ಒಂದು ದಿನವೂ ಹೇಳಲಿಲ್ಲ.

ನನಗೆ ಟೈಪಿಸ್ಟ್ ನೌಕರಿ ಸಿಕ್ಕಿತು, ಆಮೇಲೆ ಮದುವೆಯೂ ಆಯಿತು. ಉಣ್ಣುವುದು ಅವರು ಕಲಿಸಿದ ವಿದ್ಯೆಯಿಂದ. ಆದರೆ ನನ್ನ ಮೇಲಿರುವ ಅವರ ಋಣ ಅದಲ್ಲ. ಸುಳ್ಳು ಜ್ವರದ ನೆವ ಹೇಳಿ ಕೈಬಿಟ್ಟವಳ ಮನೆಗೆ ಅವರು ಸರ್ಟಿಫಿಕೇಟ್ ಹಿಡಿದು ಬಂದರು. ಅದನ್ನು ತೀರಿಸುವ ದಾರಿ ನನಗೆ ಇಂದಿಗೂ ಗೊತ್ತಿಲ್ಲ.

ಆ ದಶಕ ಮುಗಿಯುವ ಹೊತ್ತಿಗೆ ಒಂದು ಬೆಳಿಗ್ಗೆ ಚಾಚಾ ಫೋನ್ ಮಾಡಿ, "ಬೇಟಿ, ಅಕ್ಕೋರು ಹೋಗ್ಯಾರ," ಎಂದ. ನಿದ್ದೆಯಲ್ಲೇ ಆಗಿತ್ತಂತೆ. ನಾನು ಕೋಟನೂರು ಮುಟ್ಟಿದಾಗ ಅಣ್ಣನ ಮನೆಯವರು ಬಂದಿದ್ದರು. ನಾಲ್ಕೈದು ಜನ ಗಂಡಸರು ಬಿದಿರು ಕಟ್ಟುತ್ತಿದ್ದರು. ಎದುರಿನ ಬೇವಿನ ಮರದಡಿ ಎಂಟು ಹತ್ತು ಹೆಂಗಸರು ನಿಂತಿದ್ದರು. ಒಬ್ಬಳು ಬುರ್ಖಾದಲ್ಲಿ, ಒಬ್ಬಳು ನರ್ಸಿನ ಉಡುಪಿನಲ್ಲಿ, ಒಬ್ಬಳ ಕಂಕುಳಲ್ಲಿ ಕೂಸು. ನೆಂಟರೇ ಎಂದರೆ ನೆಂಟರಲ್ಲ, ಓಣಿಯವರೂ ಅಲ್ಲ. ಪರಸ್ಪರ ಗುರುತೂ ಇದ್ದಂತೆ ಕಾಣಲಿಲ್ಲ. ಒಬ್ಬರಿಂದೊಬ್ಬರು ಒಂದು ಮೊಳ ಅಂತರದಲ್ಲಿ ನಿಂತು ಕಣ್ಣೊರೆಸಿಕೊಳ್ಳುತ್ತಿದ್ದರು.

ಅಣ್ಣ ನನ್ನ ಹತ್ತಿರ ಬಂದು, ದನಿ ತಗ್ಗಿಸಿ, "ಯಾರವ್ವಾ ಇವರೆಲ್ಲಾ?" ಎಂದು ಕೇಳಿದ.

"ಅಕ್ಕೋರ ಹತ್ರ ಕಲ್ತವರ್ರೀ," ಎಂದೆ. ಅವನು ನಂಬಿದ.

ನಾನು ಹೋಗಿ ಅವರ ನಡುವೆ ನಿಂತುಕೊಂಡೆ. ಕೂಸಿನವಳು ಸ್ವಲ್ಪ ಸರಿದು ನೆರಳಿನಲ್ಲಿ ಜಾಗ ಬಿಟ್ಟಳು. ಹೆಣ ಎತ್ತಿಕೊಂಡು ಹೋಗಿ, ದಾರಿಯ ಧೂಳು ಅಡಗುವವರೆಗೆ ನಾವು ಹಾಗೇ ನಿಂತಿದ್ದೆವು. ಯಾರೂ ಯಾರ ಹೆಸರನ್ನೂ ಕೇಳಲಿಲ್ಲ.