ಹಸುವಿನ ಬಾಯಿಗೆ ಹಾಕಿದ ಕೈ

ನಂಬದಿದ್ದರೆ ಬಿಡಿ, ನನಗೇನೂ ನಷ್ಟವಿಲ್ಲ. ಪೆರೇಸಂದ್ರದ ಸುತ್ತಮುತ್ತ ಯಾವ ಹಸುವಿನ ಗಂಟಲಲ್ಲಿ ಏನು ಸಿಕ್ಕಿಕೊಂಡರೂ ಜನ ಮೊದಲು ಫೋನ್ ಮಾಡುವುದು ನನಗೆ, ಆಮೇಲೆ ಡಾಕ್ಟರಿಗೆ. ಹಿಂಡಿ, ಬೂಸಾ ಮಾರಲು ಹೋದ ಊರಲ್ಲೆಲ್ಲ ಈ ಕೆಲಸವೂ ನನ್ನದೇ.

ಅವತ್ತು ಒಂದು ಹಸು ಜೊಲ್ಲು ಸುರಿಸುತ್ತಾ, ನೀರು ನುಂಗಲಾಗದೆ ನಿಂತಿತ್ತು. "ಆಲೂಗಡ್ಡೆ ಸಿಕ್ಕಿಕೊಂಡಿರತ್ತೆ, ತಾಳಿ" ಅಂತ ಮೊಣಕೈವರೆಗೂ ಕೈ ಹಾಕಿ ತಡಕಾಡಿದೆ. ಏನೂ ಸಿಗಲಿಲ್ಲ, ಹಲ್ಲು ತರಚಿ ನನ್ನ ಕೈಯಲ್ಲೇ ರಕ್ತ ಬಂತು. ಆಮೇಲೆ ಬಂದ ಪಶುವೈದ್ಯರು ದೂರದಲ್ಲೇ ನಿಂತು ಕೇಳಿದರು, "ಇದಕ್ಕೆ ನಾಯಿ ಏನಾದ್ರೂ ಕಚ್ಚಿತ್ತಾ?"

ಹೋದ ತಿಂಗಳು ಕಚ್ಚಿತ್ತು ಅಂದರು ಮನೆಯವರು.

"ಕೈ ಹಾಕಿದ್ದು ನೀನೇನಯ್ಯ? ಇದು ಹುಚ್ಚುನಾಯಿ ರೋಗದ ಹಾಗಿದೆ, ಸೋಪು ಹಾಕಿ ಚೆನ್ನಾಗಿ ತೊಳ್ಕೊಂಡು ಆಸ್ಪತ್ರೆಗೆ ಓಡು."

ಚಿಕ್ಕಬಳ್ಳಾಪುರದ ಆಸ್ಪತ್ರೆವರೆಗೂ ಬಾಟಲಿ ನೀರನ್ನು ಗುಟುಕು ಗುಟುಕಾಗಿ ಕುಡಿದೆ, ಗಂಟಲಿಗೆ ಇಳಿಯುತ್ತೋ ಇಲ್ಲವೋ ನೋಡಲು.

"ಹೊಕ್ಕಳ ಸುತ್ತ ಹದಿನಾಲ್ಕಾ ಸಿಸ್ಟರ್?" ಅಂದೆ. ಸೂಜಿ ಹಿಡಿದು ಬಂದ ನರ್ಸಿಗೆ.

"ಅದು ನಿಮ್ಮ ತಾತನ ಕಾಲ ಕಣಪ್ಪ. ಈಗ ತೋಳಿಗೆ, ನಾಲ್ಕೈದು ಸಲ. ಗಾಯದ ಸುತ್ತ ಇವತ್ತೊಂದು ಬೇರೆ."

"ಒಂದೇ ಸೂಜಿಗೆ ಮುಗಿಯೋದು ಕಂಡುಹಿಡಿದಿಲ್ವಾ?"

"ಹುಡುಕ್ತಾ ಇದ್ದಾರಂತೆ. ಅದನ್ನ ನೋಡೋಕೆ ನೀನಿರಬೇಕಲ್ಲ, ತೋಳು ತೋರಿಸು."

"ರೋಗ ಬಂದ ಮೇಲೆ ಹಾಕಿದ್ರೆ?"

ಆಕೆ ನಗಲಿಲ್ಲ. "ಬಂದ ಮೇಲೆ ಯಾವ ಲಸಿಕೆಯೂ ಕೆಲಸ ಮಾಡಲ್ಲ."

ಹಸು ಮೂರನೇ ದಿನ ಸತ್ತಿತು. ಜನ ಈಗಲೂ ಮೊದಲು ನನಗೇ ಫೋನ್ ಮಾಡುತ್ತಾರೆ, ನಾನು ಡಾಕ್ಟರಿಗೆ ಮಾಡುತ್ತೇನೆ. ಅಷ್ಟು ಹೆಸರು ಮಾಡಿದ ಈ ಕೈಗೆ ಅವತ್ತು ಕೊನೆಗೆ ಆಸ್ಪತ್ರೆಯಲ್ಲಿ ಕೊಟ್ಟದ್ದು, ಮತ್ತೆ ಯಾವ್ಯಾವತ್ತು ಸೂಜಿಗೆ ಬರಬೇಕೆಂದು ಬರೆದ ಒಂದು ಕಾರ್ಡು.